ಜೊತೆಗೆ ಯಾರೂ ಇಲ್ಲದ ರೋಗಿ

...ಅಥವಾ ಅದು ಮೆಣಸಿನ ಕಾಲವೇ ಅಲ್ಲದಿರಬಹುದು. ನನ್ನ ನೆನಪಿನಲ್ಲಿ ಪಕ್ಕದ ಮನೆಯ ಅಕ್ಕ ಯಾವಾಗಲೂ ಅಂಗಳದಲ್ಲಿ ನಿಂತು ಕರಿಮೆಣಸಿನ ಹಸಿ ಗೊಂಚಲುಗಳನ್ನು ಕಾಲಿನಿಂದ ತುಳಿಯುತ್ತಿರುತ್ತಾಳೆ. ಆದರೆ ಪರೀಕ್ಷೆಗೆ ಹೊರಟ ಬೆಳಿಗ್ಗೆ ಅವಳ ಕೈಯಲ್ಲಿ ಒದ್ದೆ ಕೊಡೆಯಿತ್ತು ಎಂಬುದೂ ನೆನಪಿದೆ. ಮಳೆಯಲ್ಲಿ ಯಾರೂ ಮೆಣಸು ಕೊಯ್ಯುವುದಿಲ್ಲ. ಎರಡರಲ್ಲಿ ಒಂದು ಸುಳ್ಳು. ಅವಳ ತಾಯಿಯನ್ನು ಕೇಳಿದರೆ ಎರಡೂ ಅಲ್ಲ, ಅದು ಶುಂಠಿ ಕೀಳುವ ಕಾಲ ಎನ್ನುತ್ತಾಳೆ.

ಮೊನ್ನೆ ವಯನಾಡಿನ ಪನಮರಂ ಪೇಟೆಯಲ್ಲಿ, ಮೆಣಸು ಕಾಫಿ ಕೊಳ್ಳುವ ಅಂಗಡಿಯ ಮುಂದೆ, ಯಾರೋ ಆಗಷ್ಟೇ ಬಿಡಿಸಿದ ಹಸಿ ಕಾಳನ್ನು ಟಾರ್ಪಾಲಿನ ಮೇಲೆ ಹರಡಿದ್ದರು. ಒಗರು, ಖಾರ, ಸ್ವಲ್ಪ ಹುಳಿಬಂದಂಥ ವಾಸನೆ. ನಾನು ಬ್ಯಾಂಕಿಗೆ ಹೊರಟಿದ್ದವಳು ಅಲ್ಲೇ ನಿಂತೆ. ಮೊದಲು ಬಂದದ್ದು ಅವಳ ಮುಖವಲ್ಲ, ಒಂದು ಇಂಗ್ಲಿಷ್ ಮಾತು. ನ್ಯಾಕರ್ಡ್. ಕೈಕಾಲು ಬಿದ್ದುಹೋಗುವಷ್ಟು ಸುಸ್ತಾದಾಗ ಇಂಗ್ಲೆಂಡಿನ ಜನ ಹೇಳುವ ಮಾತು. ನಮ್ಮ ಸ್ಕೂಲಿನ ಯಾವ ಪುಸ್ತಕದಲ್ಲೂ ಇರಲಿಲ್ಲ. ಆಮೇಲೆ ಮೆಣಸಿನ ರಸಕ್ಕೆ ಕಪ್ಪಾದ ಅವಳ ಹಿಮ್ಮಡಿ ಬಂತು. ಆಮೇಲೆ ದನಿ. ಮುಖ ಇನ್ನೂ ಸರಿಯಾಗಿ ಬಂದಿಲ್ಲ. ಅವಳು ತೀರಿಕೊಂಡ ಮೇಲೆ ಮುಖಕ್ಕಾಗಿ ಫೋಟೋ ನೋಡುವ ಅಭ್ಯಾಸವಾಗಿ, ಈಗ ನೆನಪಾಗುವುದು ಫೋಟೋ ಮಾತ್ರ.

ನಮ್ಮದು ಮುತ್ತಂಗ ದಾಟಿ ಪೊನ್ಕುಳಿಗೆ ಹೋಗುವ ದಾರಿಯಲ್ಲಿ, ಮೈಸೂರು ರಸ್ತೆಯಿಂದ ಒಳಗೆ ಇದ್ದ ಕೆಲವೇ ಮನೆಗಳ ಊರು. ಗುಂಡ್ಲುಪೇಟೆ ಕಡೆಯಿಂದ ಯಾವ ಕಾಲದಲ್ಲೋ ಬಂದು ಗದ್ದೆ ಮಾಡಿದವರು. ಮನೆಯಲ್ಲಿ ಕನ್ನಡ, ಸ್ಕೂಲಿನಲ್ಲಿ ಮಲಯಾಳ, ಆನೆ ಬಂದರೆ ಎರಡರಲ್ಲೂ ಕೂಗಾಟ. ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದು ಬೇಲಿ. ಬೇಲಿಯಲ್ಲಿ ಓಡಾಡಿ ಓಡಾಡಿ ಆದ ಒಂದು ಕಂಡಿ. ಅವಳನ್ನು ಅಕ್ಕ ಎಂದೂ ಅವಳ ತಾಯಿಯನ್ನು ದೊಡ್ಡವ್ವ ಎಂದೂ ಕರೆಯುತ್ತಿದ್ದೆ, ರಕ್ತಸಂಬಂಧವೇನೂ ಇರಲಿಲ್ಲ. ಅಕ್ಕ ಕಲ್ಪೆಟ್ಟದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸು. ನಾನಾಗ ಪ್ಲಸ್ ಟೂ ಓದುತ್ತಿದ್ದೆ.

ಅಕ್ಕನಿಗೆ ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ಕೆಲಸ ಗೊತ್ತಾಗಿತ್ತು. ಕೊಚ್ಚಿಯಲ್ಲಿ ಸಂದರ್ಶನ ಮಾಡಿ ಆರಿಸಿದ್ದರು. ಉಳಿದದ್ದು ಇಂಗ್ಲಿಷ್ ಪರೀಕ್ಷೆ. ಅದರಲ್ಲಿ ಓದುವುದು ಪಾಸು, ಬರೆಯುವುದು ಪಾಸು, ಕೇಳಿ ತಿಳಿಯುವುದು ಪಾಸು, ಮಾತಾಡುವುದು ಮಾತ್ರ ಎರಡು ಸಲ ಫೇಲು. ಇನ್ನೊಂದು ಸಲ ಕಾಯುತ್ತೇವೆ, ಆಮೇಲೆ ಆ ಜಾಗ ಬೇರೆಯವರಿಗೆ ಎಂದು ಏಜೆನ್ಸಿಯವರು ಹೇಳಿಬಿಟ್ಟಿದ್ದರು. ಊರಿಗೆಲ್ಲ ಇದೊಂದು ತಮಾಷೆಯಾಗಿತ್ತು. ಬಸ್ಸಿನ ಕಂಡಕ್ಟರನಿಂದ ಹಿಡಿದು ಫಾರೆಸ್ಟ್ ಗಾರ್ಡಿನ ತನಕ ಎಲ್ಲರನ್ನೂ ಮಾತಿನಲ್ಲೇ ಮಣಿಸುತ್ತಿದ್ದವಳು ಅವಳು. "ಇವಳು ಮಾತಲ್ಲಿ ಫೇಲಂತೆ. ಪೇಪರ್ ಬದಲಾಗಿರ್ಬೇಕು ಕನೆ, ಒಸಿ ಹೋಗಿ ಕೇಳು" ಎಂದು ದೊಡ್ಡವ್ವ ಬಲವಾಗಿಯೇ ನಂಬಿದ್ದಳು.

ಯಾಕೆ ಹೋಗಬೇಕು ಅಕ್ಕ ಎಂದು ಕೇಳಿದಾಗ ಅವಳು ಹೇಳಿದ ಕಾರಣ ವಿಚಿತ್ರವಾಗಿತ್ತು. "ಅಲ್ಲಿ ನರ್ಸು ಕೂತ್ಕತಾಳೆ ಕೂಸೇ. ರೋಗಿ ಪಕ್ಕ ಸ್ಟೂಲ್ ಎಳ್ಕಂಡು ಕೂತು ಮಾತಾಡ್ತಾಳೆ. ವಿಡಿಯೋದಲ್ಲಿ ನೋಡ್ದೆ." ಕಲ್ಪೆಟ್ಟದಲ್ಲಿ ಇಡೀ ಡ್ಯೂಟಿ ನಿಂತೇ ಇರಬೇಕು, ಹೆಸರು ಕೇಳುವಷ್ಟು ಹೊತ್ತೂ ಒಂದು ಮಂಚದ ಬಳಿ ನಿಲ್ಲುವಂತಿಲ್ಲ. ಬೇರೆ ಕಾರಣಗಳೂ ಇದ್ದಿರಬಹುದು. ನನಗೆ ಹೇಳಿದ್ದು ಇದೊಂದೇ.

ಕಲ್ಪೆಟ್ಟದಲ್ಲಿ ಒಂದು ಬೇಕರಿಯ ಮಹಡಿಯ ಮೇಲೆ ನರ್ಸುಗಳಿಗೆ ಇಂಗ್ಲಿಷ್ ಹೇಳಿಕೊಡುವ ಕ್ಲಾಸಿತ್ತು. ಡ್ಯೂಟಿ ಇಲ್ಲದ ದಿನ ಅವಳು ಅಲ್ಲಿಗೆ ಹೋಗುತ್ತಿದ್ದಳು. ಅಲ್ಲಿನ ಸಾರ್ ಮೊದಲ ದಿನವೇ ಹೇಳಿದ್ದರಂತೆ: ನಿಮ್ಮ ರೋಗಿ ಗ್ರಾಮರ್ ಪುಸ್ತಕ ಓದಿಕೊಂಡು ಕಾಯಿಲೆ ಬೀಳುವುದಿಲ್ಲ, ಮನೆಯಲ್ಲಿ ಆಡುವ ಮಾತಿನಲ್ಲೇ ನರಳುತ್ತಾನೆ, ಅದನ್ನು ಕಲಿಯಿರಿ. ಆ ಮನೆಮಾತಿನ ವಿಡಿಯೋಗಳನ್ನು ಅವಳು ಮೆಮೊರಿ ಕಾರ್ಡಿಗೆ ಹಾಕಿಸಿಕೊಂಡು ಬರುತ್ತಿದ್ದಳು. ನಮ್ಮಲ್ಲಿ ಫೋನಿಗೆ ಸಿಗ್ನಲ್ ಬೇಕಾದರೆ ಕೊಟ್ಟಿಗೆಯ ಹಿಂದಿನ ದಿಬ್ಬ ಹತ್ತಬೇಕಿತ್ತು. ವಿಡಿಯೋದಲ್ಲಿ ಒಬ್ಬ ಬೋಳುತಲೆಯ ಇಂಗ್ಲಿಷಿನವನು ಅಡುಗೆಮನೆಯಲ್ಲಿ ನಿಂತು, ಕೈಯಲ್ಲೊಂದು ಕಪ್ಪು ಹಿಡಿದು, ಒಂದೊಂದು ಮಾತನ್ನೂ ಹೇಳಿ, ಅದು ಯಾವಾಗ ಬರುತ್ತದೆ ಎಂದು ಮುಖ ಮಾಡಿ ತೋರಿಸುತ್ತಿದ್ದ. ಅಕ್ಕ ಮೆಣಸು ತುಳಿಯುತ್ತಾ (ಅದು ಮೆಣಸೇ ಆಗಿದ್ದರೆ) ಅವನಂತೆಯೇ ಮುಖ ಮಾಡುತ್ತಿದ್ದಳು. ಲೂ ಅಂದರೆ ಕಕ್ಕಸು. ಪೂರ್ಲಿ ಅಂದರೆ ಮೈಗೆ ಹುಷಾರಿಲ್ಲ. ಪಾಪ್ ಇನ್ ಅಂದರೆ ಹಾಗೇ ಬಂದು ಇಣುಕಿ ಹೋಗುವುದು. ಗಟೆಡ್ ಅಂದರೆ ಹೊಟ್ಟೆಯೊಳಗಿನದೆಲ್ಲ ಬರಿದಾದ ಹಾಗೆ ಬೇಸರ. ಕಪ್ಪಾ ಅಂದರೆ ಒಂದು ಲೋಟ ಟೀ.

"ಅಲ್ಲೂ ಕಪ್ಪನೇ ತಿನ್ಬೇಕಾ ನೀನು?" ಎಂದಳು ದೊಡ್ಡವ್ವ. ಮಲಯಾಳದಲ್ಲಿ ಕಪ್ಪ ಅಂದರೆ ಮರಗೆಣಸು, ನಮ್ಮೂರಲ್ಲಿ ದಿನಾ ಬೇಯುವುದು.

"ತಿನ್ನೋದಲ್ಲ ಕನವ್ವ, ಕುಡಿಯೋದು."

"ಗೆಣಸ್ನ ಕುಡೀತಾರಾ? ಪಾವಂ." ಪಾಪ ಎನ್ನಲು ಅವಳ ಬಾಯಿಗೆ ಮಲಯಾಳದ ಮಾತೇ ಬರುತ್ತಿತ್ತು.

ಹೀಗೆ ಆ ಮಾತುಗಳು ಬೇಲಿಯ ಎರಡೂ ಕಡೆ ಹರಡಿದವು. ಹುಲ್ಲಿನ ಹೊರೆ ಇಳಿಸಿ ದೊಡ್ಡವ್ವ ನ್ಯಾಕರ್ಡ್ ಎಂದು ನಿಟ್ಟುಸಿರು ಬಿಡುತ್ತಿದ್ದಳು. ನಮ್ಮ ಅಪ್ಪ ಕರು ಮೇವು ಬಿಟ್ಟ ದಿನ ಅದು ಪೂರ್ಲಿ ಎಂದ. ಇಂಗ್ಲೆಂಡಿನ ಯಾವುದೋ ಬೀದಿಯ ಮಾತು ನಮ್ಮ ಕೊಟ್ಟಿಗೆಯಲ್ಲಿ ಒಂದಿಷ್ಟು ದಿನ ಬದುಕಿತ್ತು. ಇದು ನಿಜ, ಇದರಲ್ಲಿ ನನಗೆ ಅನುಮಾನವಿಲ್ಲ.

ಆದರೆ ಅವಳು ಫೇಲಾದದ್ದು ಮಾತು ಗೊತ್ತಿಲ್ಲದೆ ಅಲ್ಲ. ಅದು ನಮಗೆ ತಿಳಿದದ್ದು ನಾನು ರೋಗಿಯಾದ ಮೇಲೆ.

ಪರೀಕ್ಷೆಯಲ್ಲಿ ಎದುರಿಗೆ ಕೂತವರು ರೋಗಿಯ ಪಾತ್ರ ಮಾಡುತ್ತಾರೆ, ಪರೀಕ್ಷೆ ಕೊಡುವವಳು ನರ್ಸಾಗಿಯೇ ಮಾತಾಡಬೇಕು. ಮನೆಯಲ್ಲಿ ಅಭ್ಯಾಸಕ್ಕೆ ರೋಗಿ ಬೇಕಿತ್ತು. "ಬಾ ಕೂಸೇ, ಚಾಪೆ ಮೇಲೆ ಮಲ್ಕ. ನೀನು ಬಿದ್ದು ಸೊಂಟ ಮುರ್ಕಂಡಿದ್ದೀಯ." ನಾನು ಮಲಗಿದೆ. ದೊಡ್ಡವ್ವ ಪಕ್ಕದಲ್ಲಿ ಕೂತು ಹುಣಸೆ ಬಿಡಿಸುತ್ತಿದ್ದಳು. ಅಕ್ಕ ಇಂಗ್ಲಿಷಿನಲ್ಲಿ ಶುರು ಮಾಡಿದಳು, ಬಹಳ ಚೆನ್ನಾಗಿ. ಹೆಸರು ಕೇಳಿದಳು, ನೋವು ಎಲ್ಲಿ ಎಂದಳು. ಆಮೇಲೆ ಮಾತ್ರೆ ಯಾವಾಗ, ಊಟ ಏನು, ಯಾವ ಮಗ್ಗುಲಿಗೆ ಮಲಗಬೇಕು, ಎಲ್ಲ ಹೇಳಿದಳು. ಹೇಳಿದ್ದು ನನಗಲ್ಲ. ಅವಳ ಕಣ್ಣು ದೊಡ್ಡವ್ವನ ಮೇಲಿತ್ತು. ದೊಡ್ಡವ್ವ ಒಂದಕ್ಷರ ಅರ್ಥವಾಗದೆಯೂ, ಹುಣಸೆ ಬೀಜ ತೆಗೆಯುತ್ತಾ, ಪ್ರತಿ ವಾಕ್ಯಕ್ಕೂ ಹ್ಞೂ, ಹ್ಞೂ ಎಂದು ತಲೆಯಾಡಿಸುತ್ತಿದ್ದಳು.

"ಅಕ್ಕ, ರೋಗಿ ನಾನು" ಎಂದೆ.

"ಗೊತ್ತು ಕನೆ. ನಿಂಗೆ ಏನ್ ಹೇಳೋದು? ನೀನು ನೋವಲ್ಲಿದ್ದೀಯ."

ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ರೋಗಿಯ ಜೊತೆಗಿರುವವರನ್ನು ಬೈಸ್ಟ್ಯಾಂಡರ್ ಎನ್ನುತ್ತಾರೆ. ಅವರಿಲ್ಲದೆ ದಾಖಲು ಮಾಡಿಕೊಳ್ಳುವುದಿಲ್ಲ. ಔಷಧಿ ತರುವವರು ಅವರು, ಗಂಜಿ ಕುಡಿಸುವವರು ಅವರು, ನರ್ಸು ಮಾತಾಡುವುದೂ ಅವರ ಜೊತೆಗೇ. ಮಲಗಿದವನ ಕೆಲಸ ಮಲಗುವುದು. ವರ್ಷಗಟ್ಟಲೆ ಹಾಗೆ ದುಡಿದವಳ ಕಣ್ಣು ಮಂಚದಿಂದ ತಾನಾಗಿಯೇ ಪಕ್ಕಕ್ಕೆ ಜಾರುತ್ತಿತ್ತು. ದೊಡ್ಡವ್ವನನ್ನು ಒಳಗೆ ಕಳಿಸಿ ನೋಡಿದೆವು. ಅಕ್ಕ ಖಾಲಿ ಜಾಗಕ್ಕೆ ಇಂಗ್ಲಿಷ್ ಹೇಳಿದಳು.

ಆಗ ಅವಳು ಪರೀಕ್ಷೆಯಲ್ಲಿ ಆದದ್ದನ್ನು ಹೇಳಿದಳು. ಎರಡನೇ ಸಲ ಎದುರಿಗಿದ್ದವರು ಮುದುಕನ ಪಾತ್ರ ಮಾಡಿದ್ದರಂತೆ. ಬಿದ್ದು ಪೆಟ್ಟಾಗಿದೆ, ಮನೆಗೆ ಹೋಗಬೇಕು ಎನ್ನುತ್ತಾನೆ. ಅವನಿಗೆ ಧೈರ್ಯ ಹೇಳಿ, ಅವನಿಗೇನು ಬೇಕೆಂದು ಕೇಳಿ ಒಪ್ಪಿಸಬೇಕು. ಅಕ್ಕ ಕೇಳಿದ ಮೊದಲ ಪ್ರಶ್ನೆ, ಜೊತೆಗೆ ಯಾರಿದ್ದಾರೆ? ಯಾರೂ ಇಲ್ಲ ಎಂದನಂತೆ. ಹೆಂಡತಿ? ಇಲ್ಲ. ಮಕ್ಕಳು? ದೂರ. ಪಕ್ಕದ ಮನೆಯವರು? ಅವರ ಹೆಸರು ಗೊತ್ತಿಲ್ಲ ಎಂದನಂತೆ.

"ಪಕ್ಕದ ಮನೆಯೋರ ಹೆಸ್ರೇ ಗೊತ್ತಿಲ್ಲ ಅಂದ್ಬುಟ್ಟ ಕೂಸೇ. ನಂಗೆ ಮುಂದೆ ಮಾತೇ ಬರ್ಲಿಲ್ಲ. ಟೈಮ್ ಆಗೋಯ್ತು."

"ಅದು ಚುಮ್ಮಾ, ಸುಮ್ನೆ ನಾಟಕ ಅಲ್ವಾ ಅಕ್ಕ?"

"ನಾಟಕನೇ. ಆದ್ರೂ..."

ಆಮೇಲಿನ ವಾರಗಳಲ್ಲಿ ನಾನು ಆ ಮುದುಕನಾದೆ. ಸಂಜೆ ಸ್ಕೂಲಿನಿಂದ ಬಂದು, ಕಾಫಿ ಕುಡಿದು, ಬೇಲಿಯ ಕಂಡಿ ದಾಟಿದರೆ ನನಗೆ ಎಂಬತ್ತು ವಯಸ್ಸು. ಅವನಿಗೊಂದು ಬೆಕ್ಕು ಕೊಟ್ಟೆ. ಬಸ್ಸು ಕಾಣುವ ಒಂದು ಕಿಟಕಿ ಕೊಟ್ಟೆ. ಹೆಂಡತಿ ಸತ್ತು ಬಹಳ ಕಾಲವಾಗಿತ್ತು, ಟೀ ಅವನೇ ಮಾಡಿಕೊಳ್ಳುತ್ತಿದ್ದ. ವಿಡಿಯೋದ ಬೋಳುತಲೆಯವನ ದನಿ ಅವನಿಗೆ. ನಾನು ಇಂಗ್ಲಿಷ್ ಕಲಿತದ್ದು ಹಾಗೆ, ಒಬ್ಬಂಟಿ ಗಂಡಸಿನ ಬಾಯಲ್ಲಿ. ಇವತ್ತಿಗೂ ನನ್ನ ಇಂಗ್ಲಿಷಿನಲ್ಲಿ ಮುದುಕರ ಗೊಣಗಾಟ ಇದೆ ಎಂದು ಕೆಲವರು ನಗುತ್ತಾರೆ.

ಅಕ್ಕನಿಗೆ ಅವನನ್ನು ಒಂಟಿಯಾಗಿ ಬಿಡಲು ಆಗುತ್ತಲೇ ಇರಲಿಲ್ಲ. ಇಂಗ್ಲಿಷಿನಲ್ಲೇ ಅವನಿಗೆ ನೆಂಟರನ್ನು ಹುಡುಕುತ್ತಿದ್ದಳು. ತಂಗಿಯ ಮಗ ಇಲ್ಲವೇ? ಹೆಂಡತಿಯ ಕಡೆಯವರು? ಬೆಕ್ಕಿಗೆ ಹಾಲು ಹಾಕುವವರು ಯಾರಾದರೂ ಇರಬೇಕಲ್ಲ? ಅವರನ್ನೇ ಕರೆಯೋಣ. ಕ್ಲಾಸಿನ ಸಾರ್ ಬೈದಿದ್ದರಂತೆ: ಅವನ ಮನೆ ಉದ್ಧಾರ ಮಾಡಬೇಡಿ, ಕಷ್ಟವೇ ಸರಿ ಎಂದು ಹೇಳಿ, ಸುಮ್ಮನಿರಿ, ಅವನು ಮಾತಾಡಲಿ. ಅದಕ್ಕೊಂದು ಮಾತನ್ನೂ ಕೊಟ್ಟಿದ್ದರು, ದಟ್ ಮಸ್ಟ್ ಬಿ ರಫ್. ಅಕ್ಕನಿಗೆ ಅದು ಬಾಯಿಗೆ ಬರುತ್ತಿತ್ತು, ಹೊಟ್ಟೆಗೆ ಇಳಿಯುತ್ತಿರಲಿಲ್ಲ.

"ಬರೀ ಮಾತು. ಪಾಪ ಅಂತ ಅಂದ್ಬುಟ್ರೆ ಆಯ್ತಾ? ಗಂಜಿ ಯಾರು ಕೊಡ್ತಾರೆ?"

ಒಂದು ಸಂಜೆ ನನಗೆ ರೇಗಿತು. ಸ್ಕೂಲಿನಲ್ಲಿ ಏನೋ ಆಗಿತ್ತು, ಏನೆಂದು ಮರೆತಿದೆ. ಮುದುಕನ ದನಿಯಲ್ಲಿ ಹೇಳಿದೆ: ಐಯಾಮ್ ಫೈನ್ ಆನ್ ಮೈ ಓನ್, ಲವ್. ಒಬ್ಬನೇ ಆರಾಮಾಗಿದ್ದೇನೆ ಎಂದು.

ದೊಡ್ಡವ್ವನಿಗೆ ಕೇಳಿಸಿದ್ದು ಕೊನೆಯ ಮಾತು ಮಾತ್ರ. "ಲವ್ವಾ? ಸಾಯೋ ಮುದ್ಕ ನರ್ಸಿಗೆ ಲವ್ ಅಂತಾನಾ? ನೀನು ಅಲ್ಲಿಗೆ ಹೋಗೋದೇ ಬ್ಯಾಡ."

"ಅವ್ವ, ಅದು ನಮ್ಮಲ್ಲಿ ಮೋಳೆ ಅನ್ನಲ್ವಾ, ಮಗಳೇ ಅಂತ, ಹಂಗೆ. ಅಂಗಡಿಯೋನೂ ಅಂತಾನೆ, ಬಸ್ಸೋನೂ ಅಂತಾನೆ."

"ಬಸ್ಸೋನೂವಾ?" ದೊಡ್ಡವ್ವ ಹುಣಸೆಯ ಮೊರ ತೆಗೆದುಕೊಂಡು ಒಳಗೆ ಹೋದಳು.

ಇಲ್ಲಿಂದ ಮುಂದಿನದನ್ನು ನಾನು ಬಹಳ ಜನರಿಗೆ ಹೇಳಿದ್ದೇನೆ, ಹೇಳಿ ಹೇಳಿ ನಯವಾಗಿದೆ, ಅದಕ್ಕೇ ನಂಬಿಕೆ ಹೋಗಿದೆ. ನಾನು ಹೇಳುತ್ತಿದ್ದ ಕಥೆಯಲ್ಲಿ ಅಕ್ಕ ನಕ್ಕು ಸುಮ್ಮನಾಗುತ್ತಾಳೆ, ಚಾಪೆಯ ಅಂಚಿನಲ್ಲಿ ಕೂರುತ್ತಾಳೆ, ಮೊದಲ ಸಲ ನನ್ನ ಮುಖವನ್ನೇ ನೋಡುತ್ತಾಳೆ. ಬಹಳ ಹೊತ್ತಾದ ಮೇಲೆ, ಟೀ ಬೇಕಾ ಎಂದು ಆ ಮುದುಕನ ಇಂಗ್ಲಿಷಿನಲ್ಲೇ ಕೇಳಿ, ಎದ್ದು ಹೋಗಿ ನಿಜವಾದ ಟೀ ಮಾಡಿಕೊಂಡು ಬರುತ್ತಾಳೆ. ಚೆಂದವಾಗಿದೆ. ಆದರೆ ದೊಡ್ಡವ್ವ ಹೇಳುವುದು ಬೇರೆ: ಟೀ ಮಾಡಿದ್ದು ತಾನು, ಅಕ್ಕ ಆವತ್ತು ನನ್ನ ಮೇಲೆ ಸಿಟ್ಟಾಗಿದ್ದಳು, ಮತ್ತು ಚಾಪೆಯ ಮೇಲೆ ಮಲಗಿ ಅಳುತ್ತಿದ್ದವಳು ನಾನು. ನನಗೆ ಅತ್ತ ನೆನಪಿಲ್ಲ. ಅವಳು ಕೂತದ್ದು ಮಾತ್ರ ಇದೆ, ನನ್ನ ಮೊಣಕಾಲಿಗೆ ಅವಳ ಸೀರೆ ತಾಗಿದ್ದು... ಮನೆಯಲ್ಲಿ ಅವಳು ಸೀರೆ ಉಡುತ್ತಿದ್ದಳೇ? ಇಲ್ಲ.

ಕೊನೆಯ ಸಲ ಪರೀಕ್ಷೆಗೆ ಕೊಚ್ಚಿಗೆ ಹೋದಾಗ ದೊಡ್ಡವ್ವ ಜೊತೆಗೆ ಹೋದಳು. ಅಕ್ಕ ಒಳಗಿದ್ದಷ್ಟು ಹೊತ್ತೂ ಹೊರಗಿನ ಬೆಂಚಿನ ಮೇಲೆ ಬುತ್ತಿ ಇಟ್ಟುಕೊಂಡು ಕೂತಿದ್ದಳಂತೆ. ಬಾಗಿಲ ಕಾಯುವವನು ನೀವ್ಯಾರು ಎಂದು ಮಲಯಾಳದಲ್ಲಿ ಕೇಳಿದ್ದಕ್ಕೆ, ನಾನು ಅವಳ ಬೈಸ್ಟ್ಯಾಂಡರ್ ಎಂದಳಂತೆ. ಅಕ್ಕ ಹೊರಗೆ ಬಂದಾಗ ಮುಖದಲ್ಲಿ ಏನೂ ಇರಲಿಲ್ಲವಂತೆ.

"ಏನಾಯ್ತು?"

"ಇವತ್ತೂ ಅಂಥದ್ದೇ ಅವ್ವ. ಒಬ್ಬಂಟಿ. ಈ ಸಲ ಹೆಂಗಸು."

"ಏನ್ ಅಂದೆ ಅವಳಿಗೆ?"

"ಏನೋ ಅಂದೆ. ಬಾ, ಹೊಟ್ಟೆ ಹಸೀತದೆ."

ಫಲಿತಾಂಶ ಬಂದ ದಿನ ದಿಬ್ಬದ ಮೇಲೆ ಫೋನು ಹಿಡಿದು ನಿಂತಿದ್ದವಳು ಅಲ್ಲಿಂದಲೇ ಕೂಗಿದಳು. ಊರಿನವರು ಆನೆ ಬಂತೆಂದು ಹೊರಗೆ ಬಂದರು. ಪಾಸಾಗಿತ್ತು. ಆ ಹೆಂಗಸಿಗೆ ಏನೆಂದೆ ಎಂದು ನಾನು ಅವಳು ಹೊರಡುವ ತನಕ ಕೇಳಿದೆ. ಮರೆತೋಯ್ತು ಎಂದಳು. ಮರೆತಿರಲಿಲ್ಲ. ಅಥವಾ ಮರೆತಿರಬಹುದು, ಪರೀಕ್ಷೆಯಲ್ಲಿ ಆಡಿದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ.

ಅವಳು ಹೋದಳು. ಇಂಗ್ಲೆಂಡಿನ ಉತ್ತರದ ಒಂದು ಊರು. ಮೊದಲು ವಾರಕ್ಕೊಮ್ಮೆ ದನಿಯ ಸಂದೇಶ ಬರುತ್ತಿತ್ತು. "ಮುದುಕರಿಗೆ ನಿನ್ನ ದನಿಯೇ ಕೂಸೇ, ಎಲ್ರಿಗೂ" ಎಂದು ನಗುತ್ತಿದ್ದಳು. ಸ್ಟೂಲು ಇದೆಯಾ ಎಂದು ಕೇಳಿದ್ದೆ. ಸ್ಟೂಲು ಇದೆ, ಕೂರೋಕೆ ಟೈಮಿಲ್ಲ ಎಂದಿದ್ದಳು, ಅದನ್ನೂ ನಗುತ್ತಲೇ. ರಜಕ್ಕೆ ಬಂದಾಗ ನಮಗೆಲ್ಲ ಉಣ್ಣೆಯ ಕಾಲುಚೀಲ ತಂದಳು. ವಯನಾಡಿನ ಚಳಿಗೆ ಅದು ಹೆಚ್ಚೇ. ಆಮೇಲೆ ಸಂದೇಶಗಳು ಚಿಕ್ಕದಾದವು. ಕಾಯಿಲೆಯ ವಿಷಯ ಅವಳು ಮನೆಗೆ ಹೇಳಿದ್ದು ತೀರಾ ತಡವಾಗಿ. ದೊಡ್ಡವ್ವನಿಗೆ ಪಾಸ್‌ಪೋರ್ಟು ಮಾಡಿಸಲು ಓಡಾಡುತ್ತಿರುವಾಗಲೇ...

ಫೋನು ಬಂದದ್ದು ಮಧ್ಯಾಹ್ನ, ಅಷ್ಟರಲ್ಲಿ ಮನೆಯೊಳಗೂ ಸಿಗ್ನಲ್ ಸಿಗುತ್ತಿತ್ತು. ಅವಳ ಜೊತೆ ಕೆಲಸ ಮಾಡುತ್ತಿದ್ದ, ಆ ಊರಿನವಳೇ ಆದ ನರ್ಸು. ಮಾತಾಡಲು ನನ್ನನ್ನೇ ಕರೆದರು, ಮನೆಯಲ್ಲಿ ಇಂಗ್ಲಿಷ್ ಬರುವವರು ಬೇರೆ ಯಾರೂ ಇರಲಿಲ್ಲ. ಆಕೆ ಆಡಿದ್ದು ಪುಸ್ತಕದ ಇಂಗ್ಲಿಷಲ್ಲ. ಕೆಲವು ದಿನಗಳಿಂದ ಪೂರ್ಲಿ ಇದ್ದಳು ಎಂದಳು. ನಾವೆಲ್ಲ ಗಟೆಡ್ ಎಂದಳು. ನನ್ನನ್ನು ಲವ್ ಎಂದು ಕರೆದಳು. ಯಾವ ಮಾತಿಗೂ ನಾನು ಅರ್ಥ ಕೇಳಬೇಕಾಗಲಿಲ್ಲ. ಎಲ್ಲವೂ ನಾನು ಚಾಪೆಯ ಮೇಲೆ ಮಲಗಿ ಆಡಿದ್ದ ಮಾತುಗಳೇ, ಕೇಳಿಸಿಕೊಳ್ಳುವ ಸರದಿ ಮಾತ್ರ ಹೊಸದು.

ದೊಡ್ಡವ್ವ ನನ್ನ ತೋಳು ಹಿಡಿದುಕೊಂಡು ಕೂತಿದ್ದಳು. ಕಾಯಿಲೆ ಏನು, ಯಾವಾಗ, ಒಂದನ್ನೂ ಕೇಳಲಿಲ್ಲ. "ಜೊತೆಗೆ ಯಾರಿದ್ರು ಕೇಳು" ಎಂದಳು.

ಕೇಳಿದೆ. ನಾವು ನರ್ಸುಗಳೇ ಸರದಿಯ ಮೇಲೆ ಕೂತಿದ್ದೆವು, ಅವಳನ್ನು ಒಬ್ಬಳೇ ಬಿಡಲಿಲ್ಲ ಎಂದಳು.

"ಒಬ್ಬೊಬ್ರಾಗಿ ಕೂತಿದ್ರಂತೆ ದೊಡ್ಡವ್ವ. ಒಬ್ಳನ್ನೇ ಬಿಟ್ಟಿರ್ಲಿಲ್ವಂತೆ."

"ಡ್ಯೂಟಿ ಬುಟ್ಟಾ?"

"ಡ್ಯೂಟಿ ಮುಗಿಸ್ಕಂಡು."

ದೊಡ್ಡವ್ವ ನನ್ನ ತೋಳು ಬಿಟ್ಟಳು. "ಪಾವಂ. ಅವರೂ ನ್ಯಾಕರ್ಡ್ ಆಗಿರ್ತಾರೆ" ಎಂದಳು. ಆಮೇಲೆ ಅತ್ತಳು.

ಅದು ನಿಜವೋ, ಸತ್ತವರ ಮನೆಗೆ ನರ್ಸುಗಳು ಹೇಳಬೇಕೆಂದು ಕಲಿಸಿದ ಮಾತೋ ಎಂದು ನಾನು ಬಹಳ ಕಾಲ ಯೋಚಿಸಿದೆ. ಈಗ ಯೋಚಿಸುವುದಿಲ್ಲ. ದೊಡ್ಡವ್ವ ನಂಬಿದ್ದಾಳೆ. ಅವಳೀಗ ಪನಮರಂನಲ್ಲಿ, ಆಗಲೇ ಮದುವೆಯಾಗಿ ಹೋಗಿದ್ದ ಚಿಕ್ಕ ಮಗಳ ಮನೆಯಲ್ಲಿದ್ದಾಳೆ, ಮೊಮ್ಮಕ್ಕಳ ಜೊತೆ ದಿನವಿಡೀ ಜಗಳ. ಮೊನ್ನೆ ಆ ಅಂಗಡಿಯ ಮುಂದಿನಿಂದ ನೇರ ಅಲ್ಲಿಗೇ ಹೋದೆ, ಬ್ಯಾಂಕಿನ ಕೆಲಸ ಉಳಿಯಿತು. ಮೆಣಸೋ ಶುಂಠಿಯೋ ಎಂದು ಇನ್ನೊಂದು ಸಲ ವಾದ ಮಾಡಿದೆವು. ಅಕ್ಕ ಇದ್ದಿದ್ದರೆ ಇಬ್ಬರನ್ನೂ ಮಾತಿನಲ್ಲಿ ಸೋಲಿಸಿ, ಅದು ಕಾಫಿ ಎಂದು ಸಾಧಿಸುತ್ತಿದ್ದಳು. ಅವಳಿಲ್ಲದೆ ನಮ್ಮ ವಾದ ಬೇಗ ಮುಗಿಯುತ್ತದೆ.

ಆ ನರ್ಸು ಫೋನಿಡುವ ಮೊದಲು ಇನ್ನೊಂದು ಸಂಗತಿ ಹೇಳಿದ್ದಳು. ನೋಡಲು ಯಾರೂ ಬಾರದ ರೋಗಿಗಳಿದ್ದರೆ ಅಕ್ಕ ಶಿಫ್ಟ್ ಮುಗಿದ ಮೇಲೂ ಅವರ ಬಳಿ ಕೂತು ನ್ಯಾಟರ್ ಮಾಡುತ್ತಿದ್ದಳಂತೆ. ಆ ಒಂದು ಮಾತು ನಮ್ಮ ಮೆಮೊರಿ ಕಾರ್ಡಿನಲ್ಲಿ ಇರಲಿಲ್ಲ. ಆಮೇಲೆ ಹುಡುಕಿ ನೋಡಿದೆ: ಗೊತ್ತುಗುರಿ ಇಲ್ಲದೆ ಅದೂ ಇದೂ ಹರಟುತ್ತಾ ಕೂರುವುದು. ಏನು ಹರಟುತ್ತಿದ್ದಳು ಎಂದು ಕೇಳಬೇಕಿತ್ತು, ದೊಡ್ಡವ್ವ ಅಳುತ್ತಿದ್ದಳು, ಕೇಳಲಿಲ್ಲ. ಕೊಚ್ಚಿಯ ಆ ಕೋಣೆಯಲ್ಲಿ ಅವಳು ಏನು ಹೇಳಿ ಪಾಸಾದಳು ಎಂಬುದು ನನಗೆ ಗೊತ್ತಿಲ್ಲ. ಯಾರೂ ಬಾರದ ಆ ರೋಗಿಗಳ ಹತ್ತಿರ ಏನು ಹೇಳುತ್ತಿದ್ದಳು ಎಂಬುದೂ ಗೊತ್ತಿಲ್ಲ.